ಸ್ಪಷ್ಟನೆ: ಬಂಗುಡೆಯ ಮೇಲೆ ಸುಳ್ಳು ದೂರು

ಉಡುಪಿ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಒಂದು ಮೆಸೇಜ್ ಓಡಾಡುತ್ತಿದೆ: "ಬಂಗುಡೆ ತಿಂದರೆ ಯೂರಿಕ್ ಆ್ಯಸಿಡ್ ಏರಿ ರುಮಟಾಯ್ಡ್ ಆರ್ಥ್ರೈಟಿಸ್ ಬರುತ್ತದೆ." ಇದನ್ನು ನಂಬಿ ನಮ್ಮ ಚಿಕ್ಕಮ್ಮ ಮೂರು ತಿಂಗಳು ಮೀನು ಬಿಟ್ಟರು. ಬೆರಳ ಗೆಣ್ಣು ಬಾತುಕೊಂಡೇ ಇತ್ತು.

ಇದು ಎರಡು ಕಾಯಿಲೆಗಳ ಕಲಸುಮೇಲೋಗರ. ಯೂರಿಕ್ ಆ್ಯಸಿಡ್ ಹರಳುಗಟ್ಟಿ ಹೆಚ್ಚಾಗಿ ಕಾಲಿನ ಹೆಬ್ಬೆರಳು ಊದುವುದು ಗೌಟ್. ರುಮಟಾಯ್ಡ್‌ನಲ್ಲಿ ನಮ್ಮದೇ ರೋಗನಿರೋಧಕ ವ್ಯವಸ್ಥೆ ಕೀಲಿನ ಒಳಪೊರೆಯ ಮೇಲೆ ತಿರುಗಿಬೀಳುತ್ತದೆ. ಸೋಜಿಗವೆಂದರೆ, ಶುರುವಾಗುವುದು ಬಹುಶಃ ಕೀಲಿನಲ್ಲಲ್ಲ, ಶ್ವಾಸಕೋಶ, ವಸಡಿನಂಥ ಕಡೆ. ಅಲ್ಲಿ ಪ್ರೊಟೀನುಗಳಲ್ಲಿರುವ ಆರ್ಜಿನೀನ್ ಎಂಬ ಅಮೈನೊ ಆಮ್ಲ ಸಿಟ್ರುಲಿನ್ ಎಂಬ ಇನ್ನೊಂದಾಗಿ ಬದಲಾಗುತ್ತದೆ. ಎಚ್‌ಎಲ್‌ಎ-ಡಿಆರ್‌ಬಿ1 ಜೀನಿನ ಕೆಲವು ರೂಪಗಳಿರುವವರಲ್ಲಿ ದೇಹವು ಈ ವೇಷ ಬದಲಿಸಿದ ಪ್ರೊಟೀನನ್ನು ಹೊರಗಿನದೆಂದು ಬಗೆದು ಪ್ರತಿಕಾಯ ತಯಾರಿಸುವ ಸಾಧ್ಯತೆ ಹೆಚ್ಚು. ಲ್ಯಾಬ್ ರಿಪೋರ್ಟಿನಲ್ಲಿ ಆ್ಯಂಟಿ-ಸಿಸಿಪಿ ಎಂದು ಬರೆದಿರುವುದು ಈ ಪ್ರತಿಕಾಯವನ್ನೇ. ನೋವು ಕಾಣಿಸುವ ವರ್ಷಗಳ ಮೊದಲೇ ಅದು ರಕ್ತದಲ್ಲಿರಬಹುದು. ಎಲ್ಲ ರೋಗಿಗಳಲ್ಲೂ ಇರುತ್ತದೆಂದೇನಿಲ್ಲ.

ಯಾರನ್ನಾದರೂ ದೂರಲೇಬೇಕಿದ್ದರೆ ಸಿಗರೇಟಿನ ಹೊಗೆಯನ್ನು ದೂರಿ. ಪಾಪ, ಬಂಗುಡೆಯಲ್ಲಿರುವ ಒಮೆಗಾ-3 ಕೊಬ್ಬು ಉರಿಯೂತವನ್ನು ತುಸು ತಗ್ಗಿಸುವಂಥದ್ದು. ಮಳೆಗಾಲದ ಥಂಡಿಗೆ ನೋವು ಹೆಚ್ಚೆನಿಸಬಹುದು, ಕಾಯಿಲೆ ಅದರಿಂದ ಹುಟ್ಟುವುದಿಲ್ಲ.

ಬೆಳಿಗ್ಗೆ ಕಾಯಿ ತುರಿಯಲೂ ಆಗದಷ್ಟು ಬೆರಳು ಬಿಗಿದು, ಗಂಟೆ ಕಳೆದರೂ ಸಡಿಲವಾಗದಿದ್ದರೆ ಮೀನು ಬಿಡಬೇಡಿ, ರುಮಟಾಲಜಿ ಡಾಕ್ಟರ ಹತ್ತಿರ ಹೋಗಿ.