ಒಡೆದ ಜಾಡಿಯ ಲೆಕ್ಕ

ಎದುರುಮನೆ ಅಜ್ಜಿಯ ಉಪ್ಪಿನಕಾಯಿ ಜಾಡಿ ನನ್ನ ಕೈಜಾರಿ ಒಡೆದಾಗ ಬಾಯಿಗೆ ಮೊದಲು ಬಂದ ಮಾತು, ‘ಎಷ್ಟಾಗುತ್ತೆ ಹೇಳಿ ಅಜ್ಜಿ, ಕೊಟ್ಟುಬಿಡ್ತೀನಿ.’ ಅಜ್ಜಿ ಏನೂ ಹೇಳದೆ ಚೂರುಗಳನ್ನು ಮೊರಕ್ಕೆ ಗುಡಿಸಿಕೊಂಡರು.

ಯೆಹೂದ್ಯರ ಧರ್ಮಶಾಸ್ತ್ರದಲ್ಲಿ ಇಂಥ ಮಡಕೆ-ಕುಡಿಕೆಗಳಿಗೆ ಬರವಿಲ್ಲ. ಆ ಶಾಸ್ತ್ರದ ಚರ್ಚೆಗಳ ಹಳೆಯ ಸಂಗ್ರಹವಾದ ತಾಲ್ಮುದ್‌ನ ‘ಬಾವಾ ಕಮಾ’ ಎಂಬ ಭಾಗದ ತುಂಬ ಹಾಯುವ ಎತ್ತು, ಮುಚ್ಚದ ಗುಂಡಿ, ಹಬ್ಬುವ ಬೆಂಕಿ. ನಡುಬೀದಿಯಲ್ಲಿ ಯಾರೋ ಇಟ್ಟ ಕೊಡವನ್ನು ಎಡವಿ ಒಡೆದವನು ಏನೂ ಕೊಡಬೇಕಿಲ್ಲ. ಎಡವಿದವನಿಗೆ ಪೆಟ್ಟಾದರೆ ಕೊಡ ಇಟ್ಟವನೇ ತೆರಬೇಕು. ಫುಟ್‌ಪಾತಿನ ಮೇಲೆ ಸ್ಕೂಟರ್ ನಿಲ್ಲಿಸುವವರು ಓದಬೇಕಾದ ಸಾಲು.

ಸೋಜಿಗವೆಂದರೆ, ಹಾಳು ಮಾಡಿದ್ದನ್ನು ತುಂಬಿಕೊಡು ಎನ್ನುವ ಯೆಹೂದ್ಯರ ಮೂಲ ಧರ್ಮಗ್ರಂಥ ತೋರಾ, ನೆರೆಯವನ ಸೊತ್ತು ಹಾಳು ಮಾಡಬೇಡ ಎಂದು ಬಾಯಿಬಿಟ್ಟು ಹೇಳುವುದಿಲ್ಲ. ಹಾಗಾದರೆ ಕಾಸಿದ್ದವನು ಬೇಕೆಂದೇ ಒಡೆದು ಬೆಲೆ ಬಿಸಾಕಿ ಹೋಗಬಹುದೆ? ಕೂಡದು ಎಂದರು 14ನೇ ಶತಮಾನದಲ್ಲಿ ಸ್ಪೇನಿನಲ್ಲಿದ್ದ ಧರ್ಮಶಾಸ್ತ್ರಜ್ಞ ಯಾಕೋವ್ ಬೆನ್ ಆಶೇರ್. ಕದಿಯುವುದು ಹೇಗೆ ತಪ್ಪೋ ಕೆಡಿಸುವುದೂ ಹಾಗೇ, ಅದರಿಂದ ನಿನಗೆ ಬಿಡಿಗಾಸು ದಕ್ಕದಿದ್ದರೂ. ಇದಕ್ಕೆ ಮೂಲ ಹುಡುಕಿದವರ ಒಂದು ವಾದ ನನಗೆ ಬಹಳ ಹಿಡಿಸಿತು: ಇನ್ನೊಬ್ಬರು ಕಳೆದುಕೊಂಡದ್ದು ಕಣ್ಣಿಗೆ ಬಿದ್ದರೆ ಎತ್ತಿ ತಲುಪಿಸಬೇಕೆಂದು ತೋರಾದಲ್ಲೇ ಇದೆ, ನಷ್ಟ ತಪ್ಪಿಸಬೇಕಾದವನೇ ನಷ್ಟ ಮಾಡುವುದೆಂದರೇನು?

ಕಳ್ಳತನದಲ್ಲಂತೂ ಇನ್ನೂ ಬಿಗಿ. ಸಿಕ್ಕಿಬಿದ್ದ ಕಳ್ಳ ಇಮ್ಮಡಿ ತೆರಬೇಕೆಂಬುದು ಅಲ್ಲಿನ ಕಟ್ಟಳೆ. ಕೊಟ್ಟರೆ ತೆಗೆದುಕೊಳ್ಳದ ಬಡ ಸ್ನೇಹಿತನಿಗೆ ಈ ನೆಪದಲ್ಲಾದರೂ ಇಮ್ಮಡಿ ದಾಟಿಸೋಣವೆಂದು ಕದ್ದರೆ? ಅದೂ ಕಳ್ಳತನವೇ! ಇಂಥ ಕಿಲಾಡಿ ದಾನಿಯನ್ನೂ ಮೊದಲೇ ಊಹಿಸಿ ಬಾಗಿಲು ಹಾಕಿದವರ ತಲೆಗೆ ಶರಣು.

ನನ್ನಂಥವರ ಪಕ್ಷ ವಹಿಸುವವನು 12ನೇ ಶತಮಾನದ ಯೆಹೂದಿ ಧರ್ಮಶಾಸ್ತ್ರಜ್ಞ ಮೈಮೊನಿಡೀಸ್. ಮೈಗೆ ಗಾಯ ಮಾಡಿದವನು ದುಡ್ಡು ಕೊಟ್ಟರೂ ಕ್ಷಮೆ ಕೇಳುವ ತನಕ ಪಾಪ ಕಳೆಯದು. ಸೊತ್ತು ಕೆಡಿಸಿದವನಿಗೆ ತೆತ್ತೊಡನೆ ತೀರಿತು ಎನ್ನುತ್ತಾನೆ. ಒಳ್ಳೆಯ ಮಾತು. ಆದರೆ ಮೂವತ್ತು ವರ್ಷ ಮಾವಿನಮಿಡಿ ನೆನೆದ ಜಾಡಿ ಸೊತ್ತಿನ ಲೆಕ್ಕಕ್ಕೋ, ಮೈಯ ಲೆಕ್ಕಕ್ಕೋ?

ಅವನನ್ನೇ ನೆಚ್ಚಿ ಪೇಟೆಯಿಂದ ಹೊಸ ಜಾಡಿ ತಂದುಕೊಟ್ಟೆ. ಅಜ್ಜಿ ಮುಚ್ಚಳ ತೆಗೆದು ಒಳಗೆ ಮೂಗಿಟ್ಟು ನೋಡಿದರು.

‘ಇದಕ್ಕಿನ್ನೂ ವಾಸನೆ ಹತ್ತಬೇಕು ಕಣಪ್ಪ.’