ಚಕ್ರ ಬಿಚ್ಚದೆ ಹಾಕುವ ಪಂಕ್ಚರ್

ಕಳೆದ ನವೆಂಬರಿನ ಒಂದು ಸಂಜೆ, ಲಂಡನ್ನಿನ ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನಲ್ಲಿ ಬಸವಣ್ಣನವರ ಪ್ರತಿಮೆಯಿರುವ ಉದ್ಯಾನದ ಹತ್ತಿರ, ನನ್ನ ಮಡಚುವ ಸೈಕಲ್ಲಿನ ಹಿಂದಿನ ಚಕ್ರದ ಗಾಳಿ ಇಳಿದುಹೋಯಿತು. ಮಳೆ ಆಗಷ್ಟೇ ನಿಂತಿತ್ತು. ಜೊತೆಗಿದ್ದ ಸಹೋದ್ಯೋಗಿ ಈ ಊರಿನಲ್ಲಿ ಎಲ್ಲರೂ ಹೇಳುವ ಮಾತನ್ನೇ ಹೇಳಿದರು: ಸೈಕಲ್ ಮಡಚಿ ಅಂಡರ್‌ಗ್ರೌಂಡ್ ರೈಲು ಹತ್ತಿ, ನಾಳೆ ಅಂಗಡಿಗೆ ಕೊಟ್ಟು ಹೊಸ ಟ್ಯೂಬ್ ಹಾಕಿಸಿ. ಮಡಚಿದ ಸೈಕಲ್ಲನ್ನು ಇಲ್ಲಿನ ಅಂಡರ್‌ಗ್ರೌಂಡಿನಲ್ಲಿ ಯಾವ ಹೊತ್ತಿನಲ್ಲಾದರೂ ಒಯ್ಯಬಹುದಾದ್ದರಿಂದ ಅದು ತಪ್ಪು ಸಲಹೆಯೇನಲ್ಲ. ಆದರೆ ನಾನು ಅಲ್ಲಿಯೇ ಬೆಂಚಿನ ಪಕ್ಕದಲ್ಲಿ ಸೈಕಲ್ಲನ್ನು ತಲೆಕೆಳಗಾಗಿ ನಿಲ್ಲಿಸಿ, ಚಕ್ರವನ್ನು ಬಿಚ್ಚದೆ, ಟ್ಯೂಬನ್ನು ಒಂದು ಪಕ್ಕದಿಂದ ಹೊರಗೆಳೆದು ಪ್ಯಾಚ್ ಹಾಕಿ, ಇಪ್ಪತ್ತೈದು ನಿಮಿಷಗಳಲ್ಲಿ ಮನೆಯತ್ತ ಹೊರಟೆ. ಆ ವಿದ್ಯೆ ನನಗೆ ಬಂದದ್ದು ಚಿತ್ರದುರ್ಗ ಜಿಲ್ಲೆಯ ಒಂದು ಪಂಕ್ಚರ್ ಅಂಗಡಿಯಿಂದ. ಹನ್ನೊಂದು ವರ್ಷ ಇಲ್ಲಿ ಸೈಕಲ್ ತುಳಿದ ಮೇಲೆ ನನ್ನ ಅಭಿಪ್ರಾಯ ಗಟ್ಟಿಯಾಗಿದೆ. ಮಡಚುವ ಸೈಕಲ್ಲಿಗೆ, ಅದರಲ್ಲೂ ಅದರ ಹಿಂದಿನ ಚಕ್ರಕ್ಕೆ, ನಮ್ಮೂರಿನ ರಿಪೇರಿ ಪದ್ಧತಿಯೇ ಸರಿ. ಪಂಕ್ಚರ್ ಆಗದಂತೆ ನೋಡಿಕೊಳ್ಳುವ ವಿಷಯದಲ್ಲಿ ಮಾತ್ರ ನಾವು ಇಲ್ಲಿಯವರಿಂದ ಕಲಿಯಬೇಕಾದದ್ದು ಬಹಳವಿದೆ.

ನನ್ನದು ಬ್ರಾಂಪ್ಟನ್ ಸೈಕಲ್. ಆಂಡ್ರ್ಯೂ ರಿಚಿ ಎಂಬ ಎಂಜಿನಿಯರ್ 1970ರ ದಶಕದ ನಡುವಿನಲ್ಲಿ ತಮ್ಮ ಲಂಡನ್ ಮನೆಯಲ್ಲಿಯೇ ಇದನ್ನು ರೂಪಿಸಿದರು. ಆ ಮನೆಯ ಎದುರಿಗೆ ಕಾಣುತ್ತಿದ್ದ ಬ್ರಾಂಪ್ಟನ್ ಆರಟರಿ ಎಂಬ ಚರ್ಚಿನ ಹೆಸರು ಸೈಕಲ್ಲಿಗೆ ಬಂತು. ಹದಿನಾರು ಇಂಚಿನ ಪುಟ್ಟ ಚಕ್ರಗಳು, ಮಡಚುವಾಗ ಸೈಕಲ್ಲಿನ ಹೊಟ್ಟೆಯ ಕೆಳಗೆ ಬಂದು ಕೂರುವ ಹಿಂಭಾಗ, ಆಗ ಸಡಿಲವಾಗುವ ಚೈನನ್ನು ಬಿಗಿಹಿಡಿಯಲು ಒಂದು ಸ್ಪ್ರಿಂಗಿನ ತೋಳು, ಚಕ್ರದ ನಡುವಿನ ಹಬ್ಬಿನೊಳಗೇ ಅಡಗಿರುವ ಗೇರುಗಳು, ಆ ಗೇರುಗಳನ್ನು ಬದಲಿಸಲು ಆಕ್ಸಲಿನ ತುದಿಯಿಂದ ಹೊರಬರುವ ಸಣ್ಣ ಸರಪಳಿ. ಒಂದೊಂದಕ್ಕೂ ಅದರದೇ ಕಾರಣವಿದೆ. ಆದರೆ ಚಕ್ರ ಬಿಚ್ಚಬೇಕೆಂದರೆ ಇವೆಲ್ಲವನ್ನೂ ದಾಟಿ ಹೋಗಬೇಕು. ಮೊದಲು ಗೇರನ್ನು ಮೇಲಿನ ತುದಿಗೆ ಹಾಕಿ ಕೇಬಲ್ ಸಡಿಲಿಸಬೇಕು, ಸಣ್ಣ ಸರಪಳಿಯನ್ನು ತಿರುಗಿಸಿ ತೆಗೆಯಬೇಕು, ಚೈನಿನ ತೋಳನ್ನು ಕಳಚಬೇಕು, 15 ಮಿಲಿಮೀಟರಿನ ಸ್ಪ್ಯಾನರಿನಿಂದ ಎರಡು ನಟ್ಟುಗಳನ್ನು ಬಿಚ್ಚಬೇಕು, ವಾಷರುಗಳು ಯಾವ ಕ್ರಮದಲ್ಲಿದ್ದವೆಂದು ನೆನಪಿಟ್ಟುಕೊಳ್ಳಬೇಕು. ಚಕ್ರವನ್ನು ಮತ್ತೆ ಕೂರಿಸಿದ ಮೇಲೆ ಗೇರನ್ನು ಹೊಸದಾಗಿ ಹೊಂದಿಸಬೇಕು. ಮಳೆಯಲ್ಲಿ, ಬೀದಿದೀಪದ ಬೆಳಕಿನಲ್ಲಿ, ಚಳಿಗೆ ಸೆಟೆದ ಬೆರಳುಗಳಿಂದ ಇದು ಆಗುವ ಕೆಲಸವಲ್ಲ.

ಟ್ಯೂಬು ಚಕ್ರದ ಆಕ್ಸಲನ್ನು ಕೈಗೆ ತೊಟ್ಟ ಬಳೆಯಂತೆ ಸುತ್ತುವರಿದಿರುತ್ತದೆ. ಬಳೆಯನ್ನು ಬದಲಿಸಬೇಕಾದರೆ ಅದು ಕೈಯಿಂದ ಹೊರಗೆ ಬರಲೇಬೇಕು, ಅಂದರೆ ಹೊಸ ಟ್ಯೂಬ್ ಹಾಕಲು ಚಕ್ರವನ್ನು ಬಿಚ್ಚಲೇಬೇಕು. ತೂತು ಮುಚ್ಚುವುದಕ್ಕಾದರೆ ಆ ಅಗತ್ಯವೇ ಇಲ್ಲ. ನಮ್ಮ ಪಂಕ್ಚರ್ ಅಂಗಡಿಗಳ ಪದ್ಧತಿ ನಿಂತಿರುವುದು ಈ ಸರಳ ಸಂಗತಿಯ ಮೇಲೆ.

ನಾನು ಶಾಲೆಗೆ ಹೋಗುತ್ತಿದ್ದ ಕಾಲದಲ್ಲಿ ಚಳ್ಳಕೆರೆ ಕಡೆಯ ನಮ್ಮೂರಿನ ದಾರಿಗಳ ಎರಡೂ ಬದಿಗೆ ಬಳ್ಳಾರಿ ಜಾಲಿ ಬೆಳೆದಿರುತ್ತಿತ್ತು; ಬೇಸಿಗೆಯಲ್ಲಿ ನೆಲದ ಮೇಲೆ ಒಣಗಿದ ನೆಗ್ಗಿಲು ಮುಳ್ಳು ಬಿದ್ದಿರುತ್ತಿತ್ತು. ಅಮೆರಿಕದಲ್ಲಿ ಈ ನೆಗ್ಗಿಲಿಗೆ ಪಂಕ್ಚರ್ ಬಳ್ಳಿ ಎಂಬ ಅರ್ಥದ ಹೆಸರೇ ಇದೆ. ಅಪ್ಪನ ಅಟ್ಲಾಸ್ ಸೈಕಲ್ಲನ್ನು ತಳ್ಳಿಕೊಂಡು ಬಸ್ ನಿಲ್ದಾಣದ ಬೇವಿನ ಮರದ ಕೆಳಗಿನ ಅಂಗಡಿಗೆ ನಾನು ಹೋದ ದಿನಗಳಿಗೆ ಲೆಕ್ಕವಿಲ್ಲ. ಅಂಗಡಿಯ ಅಜ್ಜ ವಾಲ್ವಿನ ನಟ್ಟು ಬಿಚ್ಚಿ, ಎರಡು ಚಪ್ಪಟೆ ಕಬ್ಬಿಣಗಳಿಂದ ಟಯರಿನ ಒಂದೇ ಅಂಚನ್ನು ರಿಮ್ಮಿನಿಂದ ಎಬ್ಬಿಸಿ, ಟ್ಯೂಬನ್ನು ಹೊರಗೆಳೆದು, ಅದಕ್ಕೆ ಸ್ವಲ್ಪ ಗಾಳಿ ಹೊಡೆದು, ಬಾಣಲೆಯ ನೀರಿನಲ್ಲಿ ಒಂದೊಂದು ಗೇಣಿನಷ್ಟೇ ಮುಳುಗಿಸುತ್ತಾ ಹೋಗುತ್ತಿದ್ದರು. ಗುಳ್ಳೆ ಎದ್ದ ಕಡೆ ನೇರಳೆ ಬಣ್ಣ ಬಿಡುವ ಪೆನ್ಸಿಲ್ಲಿನಿಂದ ಗುರುತು ಮಾಡುತ್ತಿದ್ದರು. ಹಳೆಯ ಟ್ಯೂಬಿನಿಂದ ಕತ್ತರಿಸಿದ ತುಂಡೇ ಪ್ಯಾಚು. ಎರಡರ ಮೈಯನ್ನೂ ಅರದಿಂದ ಉಜ್ಜಿ, ಸೊಲ್ಯೂಷನ್ ಸವರಿ, ಅದು ಆರುವ ತನಕ ಬೇರೆಯವರ ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದರು. ನಾನು ಅವಸರ ಮಾಡಿದರೆ, "ಸೊಲೂಷನ್ ಆರ್ಬೇಕಪ್ಪ, ಹಸಿ ಇದ್ದಾಗ ಅಂಟಿಸಿದ್ರೆ ಊರು ದಾಟೋದ್ರೊಳಗೆ ಬಿಟ್ಕೊಂತೈತೆ" ಎನ್ನುತ್ತಿದ್ದರು. ಪ್ಯಾಚ್ ಕೂತ ಮೇಲೂ ಟ್ಯೂಬನ್ನು ಕೂಡಲೇ ಒಳಗೆ ತಳ್ಳುತ್ತಿರಲಿಲ್ಲ. ಕಣ್ಣನ್ನು ಬೇರೆಲ್ಲೋ ನೆಟ್ಟು, ಟಯರಿನ ಒಳಮೈಯ ಮೇಲೆ ಬೆರಳನ್ನು ನಿಧಾನವಾಗಿ ಎಳೆಯುತ್ತಾ, ಮುರಿದು ಕೂತ ಮುಳ್ಳಿನ ತುದಿ ಸಿಕ್ಕಿದ ಮೇಲೆಯೇ ಉಸಿರು ಬಿಡುತ್ತಿದ್ದರು.

ಲಂಡನ್ನಿನ ಸೈಕಲ್ ಅಂಗಡಿಯೊಂದರಲ್ಲಿ ಮೊದಲ ವರ್ಷ ನಾನು ಪ್ಯಾಚ್ ಹಾಕಿಕೊಡಿ ಎಂದು ಕೇಳಿದಾಗ, ತಾವು ಪ್ಯಾಚ್ ಹಾಕುವುದಿಲ್ಲ, ಟ್ಯೂಬನ್ನೇ ಬದಲಿಸುತ್ತೇವೆ ಎಂಬ ಉತ್ತರ ಬಂತು. ಅವರ ಲೆಕ್ಕ ನನಗೆ ಅರ್ಥವಾಗುತ್ತದೆ. ಕೆಲಸಗಾರನ ಸಮಯ ಟ್ಯೂಬಿಗಿಂತ ತುಟ್ಟಿಯಾಗಿರುವ ಊರಿನಲ್ಲಿ, ಒಂದೆಳೆತಕ್ಕೆ ಚಕ್ರ ಕಳಚಿಬರುವ ರೇಸ್ ಸೈಕಲ್ಲಿಗೆ ಹೊಸ ಟ್ಯೂಬ್ ಹಾಕುವುದೇ ಲಾಭ. ತೊಂದರೆಯೆಂದರೆ ಅದೇ ಲೆಕ್ಕವನ್ನು ಮಡಚುವ ಸೈಕಲ್ಲಿಗೂ ಹಚ್ಚುವುದು. ಐದು ಕಡೆ ಬಿಚ್ಚಿ ಕಟ್ಟಬೇಕಾದ ಚಕ್ರದ ಒಳಗೆ, ಸಾಸಿವೆ ಗಾತ್ರದ ಒಂದು ತೂತಿಗಾಗಿ, ಇನ್ನೂ ಎಷ್ಟೋ ವರ್ಷ ಬಾಳುವ ರಬ್ಬರನ್ನು ಎಸೆದು ಹೊಸದನ್ನು ತುಂಬುವುದು ನನ್ನ ದೃಷ್ಟಿಯಲ್ಲಿ ಅನ್ಯಾಯ. ಯುರೋಪಿನಲ್ಲಿ ಎಲ್ಲರೂ ಹೀಗೆಯೇ ಎಂದಲ್ಲ. ನೆದರ್ಲೆಂಡ್ಸಿನಲ್ಲಿ ಚೈನನ್ನು ಪೂರ್ತಿ ಮುಚ್ಚುವ ಪೆಟ್ಟಿಗೆ, ಹಬ್ಬಿನೊಳಗಿನ ಗೇರು, ಕ್ಯಾರಿಯರು ಎಲ್ಲವೂ ಇರುವ ಭಾರದ ಸೈಕಲ್ಲುಗಳೇ ಹೆಚ್ಚು, ಅಲ್ಲಿಯೂ ಚಕ್ರ ಬಿಚ್ಚದೆಯೇ ತೇಪೆ ಹಾಕುವುದು ರೂಢಿ; ಮಕ್ಕಳಿಗೂ ಅದನ್ನು ಕಲಿಸುತ್ತಾರೆ. ಅಲ್ಲಿಯ ಸೈಕಲ್ಲುಗಳಲ್ಲಿ ಅಪ್ಪನ ಅಟ್ಲಾಸಿನಲ್ಲಿದ್ದ ಜಾತಿಯ ವಾಲ್ವೇ ಇರುವುದನ್ನು ಆಮ್‌ಸ್ಟರ್‌ಡಾಮಿನಲ್ಲಿ ಮೊದಲ ಸಲ ಕಂಡಾಗ ನನಗೆ ಮನೆಯವರನ್ನು ಕಂಡಷ್ಟು ಸಂತೋಷವಾಯಿತು. ಚಕ್ರ ಸುಲಭಕ್ಕೆ ಬರದ ಕಡೆ ಜನ ಪ್ಯಾಚ್ ಹಾಕುವುದನ್ನು ಕಲಿಯುತ್ತಾರೆ, ಚಿತ್ರದುರ್ಗವಾದರೂ ಸರಿ, ಆಮ್‌ಸ್ಟರ್‌ಡಾಂ ಆದರೂ ಸರಿ.

ಸಣ್ಣ ಚಕ್ರದಲ್ಲಿ ಮಾಡುವಾಗ ಕೆಲವು ವ್ಯತ್ಯಾಸಗಳಿವೆ. ಟಯರಿನ ಅಂಚು ರಿಮ್ಮಿಗೆ ಬಹಳ ಬಿಗಿಯಾಗಿ ಕಚ್ಚಿಕೊಂಡಿರುತ್ತದೆ. ಬಲ ಹಾಕಿ ಎಬ್ಬಿಸಲು ಹೋದರೆ ಅಂಚು ಎಬ್ಬಿಸುವ ಲಿವರ್ ಮುರಿಯುತ್ತದೆ, ಇಲ್ಲವೇ ಟ್ಯೂಬು ಸಿಕ್ಕಿ ಹೊಸ ತೂತಾಗುತ್ತದೆ. ಗಾಳಿಯನ್ನು ಪೂರ್ತಿ ಬಿಟ್ಟು, ಟಯರಿನ ಎರಡೂ ಅಂಚುಗಳನ್ನು ಸುತ್ತಲೂ ಹೆಬ್ಬೆರಳಿನಿಂದ ಒತ್ತಿ ರಿಮ್ಮಿನ ನಡುವಿನ ತಗ್ಗಿಗೆ ಇಳಿಸಿದರೆ ಎದುರಿನ ಭಾಗದಲ್ಲಿ ಅಗತ್ಯವಾದ ಸಡಿಲು ತಾನಾಗಿ ಸಿಗುತ್ತದೆ. ಮರಳಿ ಹಾಕುವಾಗಲೂ ಇದೇ ಕ್ರಮ. ಕೊನೆಯ ನಾಲ್ಕು ಬೆರಳಿನಷ್ಟು ಅಂಚನ್ನು ಲಿವರಿನಿಂದಲ್ಲ, ಅಂಗೈಯಿಂದಲೇ ಉರುಳಿಸಿ ಕೂರಿಸಬೇಕು. ನಾನು ಚೈನ್ ಇಲ್ಲದ ಎಡಬದಿಯಿಂದಲೇ ಟ್ಯೂಬನ್ನು ಎಳೆಯುತ್ತೇನೆ. ಬಾಣಲೆಯ ನೀರು ಬೀದಿಯಲ್ಲಿ ಸಿಗುವುದಿಲ್ಲವಾದ್ದರಿಂದ ಗಾಳಿ ತುಂಬಿದ ಟ್ಯೂಬನ್ನು ಮೇಲ್ದುಟಿಯ ಹತ್ತಿರ ಹಿಡಿದು ಸರಿಸುತ್ತಾ ಹೋದರೆ ಸೂಜಿಮೊನೆಯ ತೂತಿನ ಗಾಳಿಯೂ ತಣ್ಣಗೆ ತಾಗುತ್ತದೆ. ಸೊಲ್ಯೂಷನ್ ಆರಲು ಐದು ನಿಮಿಷ ಕಾಯುವುದು ಇಲ್ಲಿಯ ಚಳಿಯಲ್ಲಿ ಕಷ್ಟ, ಆದರೆ ಅಜ್ಜನ ಮಾತು ಇಲ್ಲಿಯೂ ಅಷ್ಟೇ ನಿಜ. ಒಮ್ಮೆ ತೆರೆದ ಸೊಲ್ಯೂಷನ್ನಿನ ಟ್ಯೂಬು ಕೆಲವು ತಿಂಗಳಲ್ಲಿ ಒಳಗೇ ಒಣಗಿಹೋಗುವುದರಿಂದ ಚೀಲದಲ್ಲಿ ಯಾವಾಗಲೂ ತೆರೆಯದ ಒಂದನ್ನು ಇಟ್ಟುಕೊಂಡಿರಬೇಕು.

ಈ ಪದ್ಧತಿಗೆ ಮಿತಿಯೂ ಇದೆ. ವಾಲ್ವಿನ ಬುಡದಲ್ಲಿ ರಬ್ಬರು ಹರಿದಿದ್ದರೆ ಯಾವ ಪ್ಯಾಚೂ ನಿಲ್ಲುವುದಿಲ್ಲ, ಆಗ ಚಕ್ರ ಬಿಚ್ಚಲೇಬೇಕು. ಮುಂದಿನ ಚಕ್ರ ಎರಡು ನಟ್ಟಿಗೆ ಬರುವುದರಿಂದ ಅಲ್ಲಿ ಟ್ಯೂಬ್ ಬದಲಿಸುವುದಕ್ಕೆ ನನ್ನ ತಕರಾರಿಲ್ಲ.

ತೂತು ಎಲ್ಲಿದೆ ಎನ್ನುವುದನ್ನು ನೋಡದೆ ಪ್ಯಾಚ್ ಹಾಕುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಟ್ಯೂಬಿನ ಹೊರಮೈಯಲ್ಲಿದ್ದರೆ ರಸ್ತೆಯಿಂದ ಏನೋ ಹೊಕ್ಕಿದೆ. ರಿಮ್ಮಿನ ಕಡೆಯ ಒಳಮೈಯಲ್ಲಿದ್ದರೆ ಕಡ್ಡಿಗಳ ತುದಿಯನ್ನು ಮುಚ್ಚುವ ಪಟ್ಟಿ ಸರಿದಿದೆ. ಅಕ್ಕಪಕ್ಕದಲ್ಲಿ ಹಾವು ಕಚ್ಚಿದಂತೆ ಎರಡು ಗಾಯಗಳಿದ್ದರೆ ಗಾಳಿ ಕಡಿಮೆಯಿದ್ದು, ಗುಂಡಿಗೆ ಬಿದ್ದಾಗ ಟ್ಯೂಬು ರಿಮ್ಮಿಗೂ ರಸ್ತೆಗೂ ನಡುವೆ ಸಿಕ್ಕಿ ಜಜ್ಜಿದೆ. ಆ ನವೆಂಬರಿನ ಸಂಜೆ ತೂತು ಹೊರಮೈಯಲ್ಲಿತ್ತು. ಟಯರಿನೊಳಗೆ ಬೆರಳಿಟ್ಟು ಎರಡು ಸುತ್ತು ಹುಡುಕಿದ ಮೇಲೆ ಎಳ್ಳಿನಷ್ಟು ದಪ್ಪದ, ಬಾದಾಮಿಯ ತುದಿಯಂತೆ ಚೂಪಾದ ಕರಿಯ ಚಕಮಕಿ ಕಲ್ಲಿನ ಚೂರೊಂದು ಉಗುರಿಗೆ ಸಿಕ್ಕಿತು. ಇಂಗ್ಲೆಂಡಿನ ಈ ಮೂಲೆಯ ಸುಣ್ಣದ ಕಲ್ಲಿನ ನೆಲದಲ್ಲಿ ಚಕಮಕಿ ಧಾರಾಳವಾಗಿದೆ, ಅದರ ಚೂರು ಗಾಜಿನಷ್ಟೇ ಹರಿತ. ಮಳೆಗಾಲದಲ್ಲಿ ಇಲ್ಲಿ ಪಂಕ್ಚರ್ ಹೆಚ್ಚಾಗುವುದಕ್ಕೂ ಕಾರಣವಿದೆ: ನೀರು ರಬ್ಬರನ್ನು ಜಾರುವಂತೆ ಮಾಡುವುದರಿಂದ ಗಾಜು, ಕಲ್ಲಿನ ಅಲಗುಗಳು ಅದನ್ನು ಸಲೀಸಾಗಿ ಕೊಯ್ಯುತ್ತವೆ.

ಇನ್ನು ಪಂಕ್ಚರ್ ಆಗದಂತೆ ನೋಡಿಕೊಳ್ಳುವ ವಿಷಯ. ಹದಿನಾರು ಇಂಚಿನ ಚಕ್ರ ಒಂದು ಕಿಲೋಮೀಟರಿಗೆ ಸುಮಾರು 760 ಸುತ್ತು ಸುತ್ತಿದರೆ, ಅಪ್ಪನ ಸೈಕಲ್ಲಿನ 28 ಇಂಚಿನ ಚಕ್ರ ಸುಮಾರು 450 ಸುತ್ತು ಸುತ್ತುತ್ತಿತ್ತು. ಟಯರಿಗೆ ಅಂಟಿದ ಗಾಜಿನ ಚೂರನ್ನು ರಸ್ತೆ ಅಷ್ಟು ಹೆಚ್ಚು ಸಲ ಒಳಕ್ಕೆ ಒತ್ತುತ್ತದೆ, ಟಯರು ಅಷ್ಟು ಬೇಗ ಸವೆಯುತ್ತದೆ. ಒಳಗಿನ ಗಾಳಿಯ ಪ್ರಮಾಣ ಕಡಿಮೆ, ಒತ್ತಡ ಮಾತ್ರ ಹೆಚ್ಚು. ಹೆಬ್ಬೆರಳಿನಿಂದ ಒತ್ತಿ "ಸಾಕು" ಎನ್ನುವ ನಮ್ಮ ಅಂಗಡಿಗಳ ಅಳತೆ ಅಟ್ಲಾಸಿಗೆ ಸರಿಹೋಗುತ್ತಿತ್ತು, ಇದಕ್ಕೆ ಸಾಲದು. ಗಾಳಿಯ ಒತ್ತಡ 50 ಪಿಎಸ್‌ಐ ಇರುವ ಟಯರಿಗೂ 90 ಇರುವ ಟಯರಿಗೂ ಹೆಬ್ಬೆರಳಿಗೆ ದೊಡ್ಡ ವ್ಯತ್ಯಾಸ ತಿಳಿಯುವುದಿಲ್ಲ. ಇಲ್ಲಿಯ ಸವಾರರಿಂದ ನಾನು ಕಲಿತ ಒಂದು ಮುಖ್ಯ ಪಾಠವೆಂದರೆ ಭಾನುವಾರ ಬೆಳಿಗ್ಗೆ ಗೇಜು ಇರುವ ಪಂಪಿನಿಂದ ಗಾಳಿ ನೋಡುವುದು. ಟಯರಿನ ಪಕ್ಕೆಯಲ್ಲಿ ಅಚ್ಚಾದ ಮಿತಿಯೊಳಗೆ ನಾನು ಮುಂದಿನದಕ್ಕೆ 80, ಭಾರ ಹೊರುವ ಹಿಂದಿನದಕ್ಕೆ 95 ಇಡುತ್ತೇನೆ. ಈ ಅಭ್ಯಾಸ ಬಂದ ಮೇಲೆ ಜೋಡಿ ಗಾಯದ ಪಂಕ್ಚರ್ ನನಗೆ ಒಮ್ಮೆಯೂ ಆಗಿಲ್ಲ.

ಎರಡನೆಯದು ಟಯರಿನ ಆಯ್ಕೆ. ಶ್ವಾಲ್ಬೆ ಕಂಪನಿಯ ಮ್ಯಾರಥಾನ್ ಟಯರಿನ ಒಳಗೆ 3 ಮಿಲಿಮೀಟರ್ ದಪ್ಪದ ರಬ್ಬರಿನ ರಕ್ಷಣಾ ಪದರವಿದೆ, ಮ್ಯಾರಥಾನ್ ಪ್ಲಸ್‌ನಲ್ಲಿ 5 ಮಿಲಿಮೀಟರ್. ಎರಡನೆಯದು ಭಾರ, ರಿಮ್ಮಿಗೆ ಹಾಕುವುದೂ ಕಷ್ಟ, ತುಳಿಯುವಾಗ ಕಾಲಿಗೆ ಅದರ ತೂಕ ತಿಳಿಯುತ್ತದೆ. ನಾನು ಹಿಂದೆ ಪ್ಲಸ್, ಮುಂದೆ ಸಾದಾ ಮ್ಯಾರಥಾನ್ ಹಾಕಿಕೊಂಡಿದ್ದೇನೆ. ನಮ್ಮೂರಿನಲ್ಲಿ ಹಳೆಯ ಟ್ಯೂಬನ್ನು ಉದ್ದಕ್ಕೆ ಸೀಳಿ ಟಯರಿನೊಳಗೆ ಹಾಸುತ್ತಿದ್ದರಲ್ಲ, ತತ್ತ್ವ ಅದೇ. ಆದರೆ ಆ ಹಾಸಿನ ಅಂಚು ಹೆಚ್ಚಿನ ಒತ್ತಡದ ಟ್ಯೂಬನ್ನು ಉಜ್ಜಿ ಉಜ್ಜಿ ತೂತು ಮಾಡುವುದರಿಂದ ಈ ಚಕ್ರಗಳಿಗೆ ಅದನ್ನು ನಾನು ಹೇಳಲಾರೆ. ಗಾಳಿಯೇ ಬೇಡದ ಗಟ್ಟಿ ಟಯರುಗಳೂ ಇವೆ. ಸಣ್ಣ ಚಕ್ರ ಮೊದಲೇ ಪ್ರತಿ ಗುಂಡಿಯನ್ನೂ ಬೆನ್ನಿಗೆ ತಲುಪಿಸುತ್ತದೆ, ಗಾಳಿಯ ಮೆತ್ತೆಯನ್ನೂ ತೆಗೆದರೆ ಉಳಿಯುವುದು ನೋವು ಮಾತ್ರ.

ಬೇಸಿಗೆ ಮುಗಿದು ಲಂಡನ್ನಿನ ಪಕ್ಕದ ಎಸೆಕ್ಸಿನ ಹೊಲಗಳ ಹಾಥಾರ್ನ್ ಎಂಬ ಮುಳ್ಳುಗಿಡದ ಬೇಲಿಗಳನ್ನು ಯಂತ್ರದಿಂದ ಸವರಿದ ಮೇಲೆ ಮುಳ್ಳಿನ ಕಡ್ಡಿಗಳು ದಾರಿ ತುಂಬ ಬಿದ್ದಿರುತ್ತವೆ. ಆ ವಾರಗಳಲ್ಲಿ ನಾನು ಮನೆಗೆ ಬಂದೊಡನೆ ಚಕ್ರವನ್ನು ಒಂದು ಸುತ್ತು ತಿರುಗಿಸಿ, ಟಯರಿಗೆ ಕಚ್ಚಿದ್ದನ್ನೆಲ್ಲ ಉಗುರಿನಿಂದ ಕಿತ್ತುಹಾಕುತ್ತೇನೆ. ಜಾಲಿ ಮುಳ್ಳಿನ ಊರಿನವನಿಗೆ ಇದನ್ನು ಯಾರೂ ಕಲಿಸಬೇಕಾಗಿರಲಿಲ್ಲ.

ನಮ್ಮ ಮೆಟ್ರೊ 2022ರಲ್ಲಿ ಮಡಚುವ ಸೈಕಲ್ಲುಗಳಿಗೆ ಅವಕಾಶ ಕೊಟ್ಟ ಮೇಲೆ ಬೆಂಗಳೂರಿನ ಗೆಳೆಯರು ಇವುಗಳ ಬಗ್ಗೆ ಕೇಳುತ್ತಿರುತ್ತಾರೆ. ಅವರಿಗೆ ನಾನು ಮೊದಲು ಹೇಳುವುದು ಅಳತೆಯ ವಿಷಯ. ಮಕ್ಕಳ ಸೈಕಲ್ಲಿನ 16 ಇಂಚಿನ ರಿಮ್ಮಿನ ಅಳತೆ 305 ಮಿಲಿಮೀಟರ್, ಬ್ರಾಂಪ್ಟನ್ನಿನದು 349. ಇಂಚಿನ ಲೆಕ್ಕದಲ್ಲಿ ಎರಡೂ ಹದಿನಾರೇ, ಆದರೆ ಒಂದರ ಟಯರು ಇನ್ನೊಂದಕ್ಕೆ ಕೂರುವುದಿಲ್ಲ. ಟಯರಿನ ಮೇಲೆ ಮಿಲಿಮೀಟರಿನಲ್ಲಿ ಬರೆದ ಅಂಕಿಯನ್ನು ನೋಡಿಯೇ ಕೊಳ್ಳಬೇಕು. ಬೇಕಾದ ಅಳತೆಯ ಟ್ಯೂಬು ಮೂಲೆಯ ಅಂಗಡಿಯಲ್ಲಿ ಸಿಗದ ಊರಿನಲ್ಲಿ ಪ್ಯಾಚ್ ಹಾಕುವ ವಿದ್ಯೆಗೆ ಇನ್ನೂ ಹೆಚ್ಚಿನ ಬೆಲೆ.

ಹೋದ ಸಲ ಊರಿಗೆ ಹೋದಾಗ ಈ ಸೈಕಲ್ಲನ್ನೂ ಒಯ್ದಿದ್ದೆ. ಮೂರನೆಯ ದಿನವೇ ನೆಗ್ಗಿಲು ಹೊಕ್ಕಿತು. ಬೇವಿನ ಮರದ ಕೆಳಗೆ ಈಗ ಅಜ್ಜನಿಲ್ಲ, ಅವರ ಮೊಮ್ಮಗನಿದ್ದಾನೆ. ಇಂಥ ಸೈಕಲ್ಲನ್ನು ಆತ ಅದುವರೆಗೆ ನೋಡಿರಲಿಲ್ಲ. ಹಿಂದಿನ ಚಕ್ರದ ತೋಳು, ಸರಪಳಿಗಳನ್ನು ಒಂದು ಗಳಿಗೆ ದಿಟ್ಟಿಸಿ, ಯಾವುದನ್ನೂ ಮುಟ್ಟದೆ, ಎಡಬದಿಯಿಂದ ಟ್ಯೂಬನ್ನು ಹೊರಗೆಳೆದ. ಪ್ಯಾಚ್ ಕೂತ ಮೇಲೆ ಬೆರಳನ್ನು ಟಯರಿನೊಳಗೆ ಎಳೆದು ಮುಳ್ಳನ್ನು ತೆಗೆದು ನನ್ನ ಅಂಗೈಯಲ್ಲಿಟ್ಟ. ವಾಲ್ವು ಬೈಕಿನದೇ ಜಾತಿಯಾದ್ದರಿಂದ ಆತನ ಕಂಪ್ರೆಸರಿನ ಪೈಪು ಅದಕ್ಕೆ ಸರಿಯಾಗಿ ಕೂತಿತು. ಗಾಳಿ ತುಂಬಿ ಹೆಬ್ಬೆರಳಿನಿಂದ ಒತ್ತಿ, "ಆತಣ್ಣ, ಸಾಕು" ಎಂದ. ನಾನು ಗೇಜು ಹಚ್ಚಿ ತೋರಿಸಿದೆ: ಮುಳ್ಳು 48ರ ಮೇಲೆ ನಿಂತಿತ್ತು. ಆತ ತಾನೇ ಇನ್ನೊಮ್ಮೆ ಹೆಬ್ಬೆರಳಿನಿಂದ ಒತ್ತಿ ನೋಡಿ, ಮತ್ತೆ ಗೇಜು ನೋಡಿ, 95ಕ್ಕೆ ಬರುವ ತನಕ ಸ್ವಲ್ಪ ಸ್ವಲ್ಪವೇ ಗಾಳಿ ತುಂಬಿದ. ಆಮೇಲೆ ಗೇಜನ್ನು ಕೈಯಲ್ಲಿ ತಿರುಗಿಸುತ್ತಾ, "ಇದು ಎಲ್ಲಿ ಸಿಗ್ತೈತಣ್ಣ?" ಎಂದು ಕೇಳಿದ. ಅದನ್ನು ಅವನಿಗೇ ಕೊಟ್ಟು ಬಂದೆ.