ಎರಡನೇ ಪ್ಯಾಚ್

ನಮ್ಮ ಗುಂಪಿನ ಗದಗಿನ ಹುಡುಗಿ ಹೋದ ವಾರ ತನ್ನ ಎರಡನೇ ಪ್ಯಾಚ್ ಕಳಿಸಿದಳು. ಯಾರನ್ನೂ ಕೇಳದೆ, ಯಾರಿಗೂ ಹೇಳದೆ. ಮರ್ಜ್ ಆದಮೇಲೇ ನಮಗೆ ಗೊತ್ತಾಗಿದ್ದು. ನನಗೆ ಆ ದಿನವೆಲ್ಲ ಕೆಲಸದಲ್ಲಿ ಮನಸ್ಸೇ ನಿಲ್ಲಲಿಲ್ಲ, ಅಷ್ಟು ಖುಷಿ. ಯಾಕೆ ಅನ್ನೋದನ್ನ ಸ್ವಲ್ಪ ಉದ್ದಕ್ಕೇ ಬರೀತೀನಿ, ಪುರುಸೊತ್ತಿದ್ದಾಗ ಓದಿ.

ಓಪನ್ ಸೋರ್ಸ್ ಅಂದರೆ ಗೊತ್ತಿಲ್ಲದವರಿಗೆ ಒಂದು ಮಾತು. ಯಾರು ಬೇಕಾದರೂ ತೆಗೆದು ನೋಡಬಹುದಾದ, ತಿದ್ದಬಹುದಾದ ಸಾಫ್ಟ್‌ವೇರ್. ನೀವು ತಿದ್ದಿದ್ದನ್ನು ಕಳಿಸಿದರೆ ಅದಕ್ಕೆ ಪ್ಯಾಚ್ ಅಂತಾರೆ. ಅದನ್ನು ನೋಡಿಕೊಳ್ಳುವವರು ಓದಿ, ಸರಿ ಇದ್ದರೆ ಸೇರಿಸಿಕೊಳ್ತಾರೆ, ಅದೇ ಮರ್ಜ್. ಲಿನಕ್ಸ್, ಫೈರ್‌ಫಾಕ್ಸ್ ಎಲ್ಲ ಹೀಗೇ ಬೆಳೆದವು.

ನಾವು ಹನ್ನೊಂದು ಜನ ಹೆಣ್ಣುಮಕ್ಕಳು. ಹುಬ್ಬಳ್ಳಿ, ಧಾರವಾಡ, ಗದಗ, ಹಾವೇರಿ ಕಡೆಯವರು. ತಿಂಗಳಿಗೆ ಎರಡು ಶನಿವಾರ ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಗೆಳತಿಯೊಬ್ಬಳ ಮನೆಯ ಮೇಲಿನ ಖೋಲಿಯಲ್ಲಿ ಸೇರ್ತೀವಿ. ಗುಂಪಿಗೆ ಇನ್ನೂ ಹೆಸರಿಟ್ಟಿಲ್ಲ.

ಈ ಹುಡುಗಿ ಬಂದ ಹೊಸದರಲ್ಲಿ ಒಂದು ಸಣ್ಣ ಆ್ಯಪ್‌ನಲ್ಲಿ ತಪ್ಪು ಹುಡುಕಿದ್ದಳು. ಊರಿನ ಹೆಸರು ಉದ್ದವಾದರೆ ಅದು ಏಳಕ್ಕೆ ಕತ್ತರಿಸಿ ಮೂರು ಚುಕ್ಕಿ ಇಡುತ್ತಿತ್ತು. ಇಂಗ್ಲಿಷಿಗೆ ಏನೂ ತೊಂದರೆ ಇರಲಿಲ್ಲ. ಕನ್ನಡದಲ್ಲಿ ಮಾತ್ರ ‘ಹುಬ್ಬಳ್ಳಿ’ ಹೋಗಿ ‘ಹುಬ್ಬಳ್...’ ಆಗುತ್ತಿತ್ತು. ನಮ್ಮ ಕಣ್ಣಿಗೆ ಹುಬ್ಬಳ್ಳಿ ಮೂರು ಅಕ್ಷರ. ಯೂನಿಕೋಡ್ ಲೆಕ್ಕದಲ್ಲಿ, ಅಂದರೆ ಕಂಪ್ಯೂಟರ್ ಅಕ್ಷರ ಎಣಿಸುವ ಪದ್ಧತಿಯಲ್ಲಿ, ಒಂಬತ್ತು. ಹ, ಉಕಾರ, ಬ, ಅದನ್ನು ಅರ್ಧ ಮಾಡುವ ಗುರುತು, ಇನ್ನೊಂದು ಬ, ಳ, ಮತ್ತೆ ಆ ಗುರುತು, ಇನ್ನೊಂದು ಳ, ಇಕಾರ. ಏಳಕ್ಕೆ ಕತ್ತರಿ ಹಾಕಿದರೆ ಳಕಾರ ಅರ್ಧಕ್ಕೇ ನಿಲ್ಲುತ್ತದೆ. ಕೊನೆಗೆ ಅರ್ಧಾಕ್ಷರ ಸಿಕ್ಕರೆ ಒಂದು ಹೆಜ್ಜೆ ಹಿಂದೆ ಸರಿದು ಕತ್ತರಿಸು ಅಂತ ಅವಳು ಹನ್ನೊಂದು ಸಾಲು ಬರೆದು ಕಳಿಸಿದಳು.

ಆರು ದಿನ ಬಿಟ್ಟು ಉತ್ತರ ಬಂತು. ‘ಟೆಸ್ಟ್ ಎಲ್ಲಿ? ಸ್ಪೇಸಿಂಗ್ ಸರಿಯಿಲ್ಲ.’ ಇಷ್ಟೇ. ಅವಳು ಲ್ಯಾಪ್‌ಟಾಪ್ ಮುಚ್ಚಿಟ್ಟಳು. ಮೂರು ವಾರ ಆದಮೇಲೆ, ಚಹಾ ಕುಡಿಯುವಾಗ ಮೆಲ್ಲಗೆ ಹೇಳಿದಳು, “ಅಕ್ಕಾ, ಬ್ಯಾಡ ಅಂದ್ರು. ಬಿಟ್ಟಬಿಟ್ಟೆ.”

ನಾನು ತೆಗೆದು ನೋಡಿದೆ. ಬೇಡ ಅಂತ ಎಲ್ಲೂ ಇರಲಿಲ್ಲ. ಟೆಸ್ಟ್ ಅಂದರೆ ಬರೆದ ಕೋಡ್ ಸರಿಯಾಗಿ ನಡೆಯುತ್ತದಾ ಅಂತ ಪರೀಕ್ಷಿಸುವ ಇನ್ನೊಂದು ಸಣ್ಣ ಕೋಡ್. ಈ ಕೆಲಸದಲ್ಲಿ ಇದ್ದವರಿಗೆ ಗೊತ್ತು, ಟೆಸ್ಟ್ ಕೇಳಿದರು ಅಂದರೆ ತಗೊಳ್ಳೋಕೆ ಮನಸ್ಸಿದೆ ಅಂತ ಅರ್ಥ. ಬೇಡದಿದ್ದರೆ ಸುಮ್ನೆ ಮುಚ್ಚಿಬಿಡ್ತಾರೆ. ಆದರೆ ಇದನ್ನು ಅವಳಿಗೆ ಹೇಳುವವರು ಯಾರು? ಹುಡುಗರಿಗೆ ಇದು ಹಾಸ್ಟೆಲ್‌ನಲ್ಲಿ, ಚಹಾದಂಗಡಿ ಮುಂದೆ, ರಾತ್ರಿ ಹನ್ನೊಂದಕ್ಕೆ ಸೀನಿಯರ್ ಬಾಯಿಂದ ಸಿಗುತ್ತದೆ. ನಾನಿದ್ದ ಹುಡುಗಿಯರ ಹಾಸ್ಟೆಲ್‌ನಲ್ಲಿ ಎಂಟಕ್ಕೆ ಗೇಟ್ ಬಂದ್ ಆಗುತ್ತಿತ್ತು. ಬುದ್ಧಿ ಎಲ್ಲರಿಗೂ ಅಷ್ಟೇ ಇದೆ. ನಮ್ಮವರಿಗೆ ಸಿಗದೆ ಇರೋದು ಇಂಥ ಮಾತು.

ಅವತ್ತೇ ಕೂತು ಟೆಸ್ಟ್ ಬರೆದೆವು. ಅವಳೇ ಊರುಗಳನ್ನು ಆರಿಸಿದಳು, ಏಳಕ್ಕೆ ಮಾತ್ರವಲ್ಲ, ಬೇರೆ ಬೇರೆ ಉದ್ದಕ್ಕೂ ಕತ್ತರಿಸಿ ನೋಡಿದೆವು. ಹುಬ್ಬಳ್ಳಿ, ಮುಂಡರಗಿ, ಹಾನಗಲ್ಲ, ಲಕ್ಷ್ಮೇಶ್ವರ. ಮೂರು ಪಾಸಾದವು. ಲಕ್ಷ್ಮೇಶ್ವರವನ್ನು ಐದಕ್ಕೆ ಕತ್ತರಿಸಿದಾಗ ಅವಳದೇ ಕೋಡ್ ಮುರಿಯಿತು. ‘ಕ್ಷ್ಮೇ’ಯಲ್ಲಿ ಒತ್ತಿನ ಕೆಳಗೆ ಒತ್ತು ಇದೆಯಲ್ಲ, ಒಂದು ಹೆಜ್ಜೆ ಹಿಂದೆ ಸರಿದರೆ ಅಲ್ಲೂ ಅರ್ಧಾಕ್ಷರವೇ. ಪರದೆ ಮೇಲೆ ‘ಲಕ್’ ಅಂತ ನಿಂತಿತ್ತು. ಅವಳು ಒಂದು ನಿಮಿಷ ದಿಟ್ಟಿಸಿ ನೋಡಿದಳು. ಆಮೇಲೆ ‘ಇಫ್’ ಇದ್ದ ಕಡೆ ‘ವೈಲ್’ ಹಾಕಿದಳು, ಅಂದರೆ ಪೂರ್ತಿ ಅಕ್ಷರ ಸಿಗುವ ತನಕ ಹಿಂದೆ ಸರಿಯುತ್ತಾ ಹೋಗು ಅಂತ. ನಾಲ್ಕೂ ಹಸಿರಾದವು. ಟೆಸ್ಟ್ ಕೇಳಿದವರು ಕೇಳಿದ್ದು ಸರಿಯೇ ಇತ್ತು. ನಾಲ್ಕನೇ ದಿನ ಮರ್ಜ್ ಆಯಿತು.

ಅವಳಿಗೆ ಆ ದಿನ ನಾನು ಕೋಡ್ ಕಲಿಸಲಿಲ್ಲ. ಅದು ಅವಳಿಗೆ ಮೊದಲೇ ಬರುತ್ತಿತ್ತು. ನಾನು ಮಾಡಿದ್ದು ಎರಡು ಸಾಲಿನ ಉತ್ತರ ಓದಿ ಹೇಳಿದ್ದು, ಎರಡು ತಾಸು ಪಕ್ಕದಲ್ಲಿ ಕೂತಿದ್ದು. ಗುಂಪು ಬೇಕಾಗೋದು ಇದಕ್ಕೇ ಅಂತ ನನಗೆ ಆಗ ಗಟ್ಟಿಯಾಯಿತು. ಮೊದಲ ಪ್ಯಾಚ್ ಉತ್ಸಾಹಕ್ಕೆ ಬರುತ್ತದೆ. ಎರಡನೆಯದು ಬರಬೇಕಾದರೆ ನಡುವೆ ಯಾರಾದರೂ ಜತೆಗಿರಬೇಕು.

“ಕೋಡ್‌ಗೆ ಗಂಡು ಹೆಣ್ಣು ಅಂತ ಇದೆಯಾ? ಬೇರೆ ಗುಂಪು ಯಾಕೆ?” ಅಂತ ಬಹಳ ಜನ ಕೇಳ್ತಾರೆ. ಕೆಟ್ಟ ಮನಸ್ಸಿನಿಂದ ಕೇಳೋದಿಲ್ಲ, ಹಾಗಾಗಿ ಸರಿಯಾಗಿಯೇ ಉತ್ತರ ಕೊಡ್ತೀನಿ. 2006ರಲ್ಲಿ, ವಿದ್ಯಾರ್ಥಿಗಳಿಂದ ಓಪನ್ ಸೋರ್ಸ್ ಕೆಲಸ ಮಾಡಿಸುವ ಗೂಗಲ್‌ನ ಸಮ್ಮರ್ ಆಫ್ ಕೋಡ್ ಕಾರ್ಯಕ್ರಮದಲ್ಲಿ, ಗ್ನೋಮ್ ಅನ್ನೋ ಓಪನ್ ಸೋರ್ಸ್ ಯೋಜನೆಗೆ 181 ಅರ್ಜಿ ಬಂದವು. ಒಂದೂ ಹೆಣ್ಣುಮಕ್ಕಳದಲ್ಲ. ಅವರು ಅದನ್ನು ನೋಡಿ ಸುಮ್ಮನಾಗಲಿಲ್ಲ. ಅದೇ ಬೇಸಿಗೆ ಹೆಣ್ಣುಮಕ್ಕಳಿಗಾಗಿಯೇ ಒಂದು ಕಾರ್ಯಕ್ರಮ ಕರೆದರು, 100 ಅರ್ಜಿ ಬಂದವು. ಅದೇ ವರ್ಷ, ಅದೇ ಸಾಫ್ಟ್‌ವೇರ್. ಆ ನೂರು ಜನ ಮೊದಲೂ ಇದ್ದರು, ಅಲ್ವಾ? ತಮ್ಮನ್ನೂ ಕರೀತಿದ್ದಾರೆ ಅಂತ ಅವರಿಗೆ ಅನಿಸಿರಲಿಲ್ಲ. ಇವತ್ತಿನ ಔಟ್‌ರೀಚಿ ಅನ್ನೋ ಕಾರ್ಯಕ್ರಮ ಹುಟ್ಟಿದ್ದು ಆ ಬೇರಿನಿಂದ. ಅಲ್ಲಿ ಮೂರು ತಿಂಗಳ ಕೆಲಸಕ್ಕೆ ದುಡ್ಡೂ ಕೊಡ್ತಾರೆ.

ಇನ್ನೊಂದು. ಗಿಟ್‌ಹಬ್ ಅಂದರೆ ಕೋಡ್ ಇಟ್ಟು ಹಂಚಿಕೊಳ್ಳುವ ತಾಣ. ಅಲ್ಲಿನ ಪುಲ್ ರಿಕ್ವೆಸ್ಟ್‌ಗಳ ಮೇಲೆ, ಅಂದರೆ ನನ್ನ ತಿದ್ದುಪಡಿ ಸೇರಿಸಿಕೊಳ್ಳಿ ಅನ್ನೋ ಕೋರಿಕೆಗಳ ಮೇಲೆ, 2017ರಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಒಟ್ಟಾರೆ ನೋಡಿದರೆ ಹೆಂಗಸರು ಕಳಿಸಿದ್ದು ನೂರಕ್ಕೆ ಸುಮಾರು 79ರಷ್ಟು ಒಪ್ಪಿಗೆಯಾಗಿತ್ತು, ಗಂಡಸರದು ಸುಮಾರು 75. ಆದರೆ ಯೋಜನೆಗೆ ಹೊಸಬರಾಗಿದ್ದು, ಪ್ರೊಫೈಲ್ ನೋಡಿದರೆ ಹೆಣ್ಣು ಅಂತ ಗೊತ್ತಾಗುವಂತಿದ್ದರೆ ಒಪ್ಪಿಗೆ ಗಂಡಸರಿಗಿಂತ ಕೆಳಗಿಳಿದಿತ್ತು. ಹೊಸಬರಾದಾಗಲೇ ಪೆಟ್ಟು ಬೀಳುತ್ತದೆ. ಅದಕ್ಕೇ ನಾನು ಎರಡನೇ ಪ್ಯಾಚ್ ಎರಡನೇ ಪ್ಯಾಚ್ ಅಂತ ಬಡಕೊಳ್ಳೋದು.

ಈಗ ಹೊತ್ತಿನ ಮಾತು. ಇದನ್ನು ಯಾರೂ ಜಾಸ್ತಿ ಮಾತಾಡೋದಿಲ್ಲ. ಓಪನ್ ಸೋರ್ಸ್ ಬಹಳಷ್ಟು ನಡೆಯೋದು ಬಿಡುವಿನ ವೇಳೆಯಲ್ಲಿ. ಭಾನುವಾರ ಹತ್ತು ಗಂಟೆಗೆ ಕೂತು ಸಂಜೆ ತನಕ ಬಗ್ ಹುಡುಕುವ ಗಂಡಸಿನ ಮನೆಯಲ್ಲಿ ರೊಟ್ಟಿ ಬಡಿಯುವವರು ಬೇರೆ ಯಾರೋ ಇರ್ತಾರೆ. ಆ ರೊಟ್ಟಿ ಬಡಿಯುವವಳಿಗೂ ಪೈಥಾನ್‌ನಲ್ಲಿ ಕೋಡ್ ಬರೆಯೋಕೆ ಬರುತ್ತಿರಬಹುದು. ನಮ್ಮಲ್ಲಿ ಇಬ್ಬರು ಹಾಗೇ ಇದ್ದಾರೆ, ಮದುವೆಯಾದಮೇಲೆ ನೌಕರಿ ಬಿಟ್ಟವರು. ಅವರಿಗೆ ಕೋರ್ಸ್ ಬೇಡ, ನಾಲ್ಕು ತಾಸು ಬೇಕು. ಅದಕ್ಕೇ ಭಾನುವಾರ ಬಿಟ್ಟು ಶನಿವಾರ ಇಟ್ಟೆವು, ಹನ್ನೊಂದಕ್ಕೆ ಶುರು, ಮೂರೂವರೆಗೆ ಮುಗಿತಾಯ. ಹಾವೇರಿಯವರು ಕತ್ತಲಾಗುವ ಮುಂಚೆ ಮನೆ ಮುಟ್ಟಬೇಕು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಮೇಲೆ ಹೆಂಗಸರಿಗೆ ಸರಕಾರಿ ಸಾಮಾನ್ಯ ಬಸ್ಸಿನಲ್ಲಿ ಚಾರ್ಜ್ ಇಲ್ಲ. ಯಾರು ಏನೇ ಹೇಳಲಿ, ನಮ್ಮ ಗುಂಪು ಅರ್ಧ ನಿಂತಿರೋದು ಆ ಬಸ್ಸಿನ ಮೇಲೆ. ಮನೆಯಲ್ಲಿ ದುಡ್ಡು ಕೇಳದೆ ಹುಬ್ಬಳ್ಳಿಗೆ ಬರಬಹುದು ಅನ್ನೋದು ಸಣ್ಣ ಮಾತಲ್ಲ.

ಗುಂಪು ಹೇಗೆ ನಡೀಬೇಕು ಅಂತ ನಾವು ತಲೆಕೆಡಿಸಿಕೊಂಡಿದ್ದಾಗ ದಾರಿ ತೋರಿಸಿದ್ದು ಬ್ಯಾಡಗಿ ಕಡೆಯ ಒಬ್ಬ ಅಕ್ಕ. “ಹೊಲದಾಗ ಕಸಾ ತಗ್ಯಾಕ ಮುಯ್ಯಾಳು ಹೋಗ್ತೀವಲ್ರೀ, ಹಂಗ ಮಾಡೂಣು” ಅಂದರು. ಇವತ್ತು ನಿಮ್ಮ ಹೊಲಕ್ಕೆ ನಾವು, ನಾಳೆ ನಮ್ಮ ಹೊಲಕ್ಕೆ ನೀವು. ಹಾಗೇ ಮಾಡಿದೆವು. ಒಬ್ಬಳ ಪ್ಯಾಚನ್ನು ಹೊರಗೆ ಕಳಿಸುವ ಮುಂಚೆ ಇನ್ನೊಬ್ಬಳು ಓದಬೇಕು. ಓದಿಸಿಕೊಂಡವಳು ಮುಂದಿನ ಸಲ ಮತ್ತೊಬ್ಬರದ್ದು ಓದಬೇಕು. ಮುಯ್ಯಿ ತೀರಿಸಲೇಬೇಕು. ಹೀಗಾಗಿ ಕಲಿಸುವವರು, ಕಲಿಯುವವರು ಅಂತ ಎರಡು ಪಂಕ್ತಿ ಆಗಲಿಲ್ಲ. ಇನ್ನೊಂದು ಕಟ್ಟುನಿಟ್ಟು ಇದೆ, ಪಕ್ಕದಲ್ಲಿ ಕೂತವರು ಕೀಬೋರ್ಡ್ ಮುಟ್ಟುವಂತಿಲ್ಲ. ಬಾಯಲ್ಲಿ ಹೇಳಬೇಕು, ಕೈ ಕಟ್ಟಿಕೊಂಡು ಕೂರಬೇಕು. ನೋಡುವವರಿಗೆ ತಡ ಅನಿಸುತ್ತದೆ. ಆದರೆ ಬೆರಳು ಅವಳದೇ ಆಡಬೇಕು.

ನಮಗಿಂತ ಮುಂಚೆ ಈ ದಾರಿ ತುಳಿದವರು ಬಹಳ ಜನ ಇದ್ದಾರೆ. ತೊಂಬತ್ತರ ದಶಕದ ಕೊನೆಗೇ ಲಿನಕ್ಸ್‌ಚಿಕ್ಸ್, 2004ರಲ್ಲಿ ಡೆಬಿಯನ್ ವಿಮೆನ್, 2011ರಲ್ಲಿ ಪೈಲೇಡೀಸ್. 2014ರಲ್ಲಿ ಬರ್ಲಿನ್‌ನಲ್ಲಿ ಇಬ್ಬರು ಹೆಣ್ಣುಮಕ್ಕಳು ಶುರು ಮಾಡಿದ, ಹೆಣ್ಣುಮಕ್ಕಳಿಗೆ ಕೋಡ್ ಕಲಿಸುವ ಜಾಂಗೋ ಗರ್ಲ್ಸ್ ತಮ್ಮ ಪಾಠವನ್ನೆಲ್ಲ ಎಲ್ಲರಿಗೂ ಬಿಚ್ಚಿಟ್ಟಿದೆ. ನಾವೂ ಮೊದಲ ಎರಡು ತಿಂಗಳು ಅದನ್ನೇ ಹಿಡಿದುಕೊಂಡು ಕೂತೆವು.

ಒಂದು ಬೇಸರವನ್ನೂ ಹೇಳಲೇಬೇಕು. ಕೆಲವು ವರ್ಷದ ಹಿಂದೆ ಮಾರ್ಚ್ 8ಕ್ಕೆ ಒಂದು ಕಾರ್ಯಕ್ರಮಕ್ಕೆ ನನ್ನನ್ನು ಕರೆದಿದ್ದರು. ದೊಡ್ಡ ಬ್ಯಾನರ್, ಗುಲಾಬಿ ಹೂವು, ಸರ್ಟಿಫಿಕೇಟ್. ನೂರಕ್ಕೂ ಹೆಚ್ಚು ಹುಡುಗಿಯರು ಬಂದಿದ್ದರು. ಗಿಟ್‌ಹಬ್ ಅಕೌಂಟ್ ತೆರೆಸಿದರು, ಫೋಟೋ ತೆಗೆದರು, ಊಟಕ್ಕೆ ಎದ್ದರು. ಸಂಜೆ ಒಬ್ಬ ಹುಡುಗಿ ಬಂದು, “ಮೇಡಂ, ಇನ್ನ ಮುಂದ ಏನ್ ಮಾಡ್ಬೇಕ್ರಿ?” ಅಂತ ಕೇಳಿದಳು. ನನ್ನ ಹತ್ತಿರ ಉತ್ತರ ಇರಲಿಲ್ಲ, ನಡೆಸಿದವರ ಹತ್ತಿರವೂ ಇರಲಿಲ್ಲ. ಅವಳ ಮುಖ ನನಗೆ ಈಗಲೂ ನೆನಪಿದೆ. ಈ ಗುಂಪು ಕಟ್ಟೋಣ ಅಂತ ಮನಸ್ಸಿಗೆ ಬಂದಿದ್ದು ಅವತ್ತು, ವಾಪಸ್ ಬರುವಾಗ, ಹುಬ್ಬಳ್ಳಿ-ಧಾರವಾಡದ ನಡುವೆ ಓಡುವ ಚಿಗರಿ ಬಸ್ಸಿನಲ್ಲಿ.

ನನ್ನ ಆಸೆ ಇಷ್ಟಕ್ಕೇ ನಿಲ್ಲೋದಿಲ್ಲ. ಹೆಣ್ಣುಮಕ್ಕಳು ಪ್ಯಾಚ್ ಕಳಿಸಿ ಕಾಯುವವರಾಗಿಯೇ ಉಳಿದರೆ ಸಾಲದು. ಬಂದ ಪ್ಯಾಚ್ ಓದಿ ಒಪ್ಪುವವರೂ ಆಗಬೇಕು. ಮರ್ಜ್ ಮಾಡುವ ಹಕ್ಕು ಕೈಗೆ ಬರಬೇಕು. ಎಷ್ಟೋ ಕಡೆ ಅನುವಾದ, ಪೋಸ್ಟರ್, ಕಾರ್ಯಕ್ರಮದ ಊಟ ತಿಂಡಿ ನಮಗೆ ಬಿಟ್ಟು, ಕೋಡ್ ರಿವ್ಯೂ ತಮ್ಮ ಹತ್ತಿರ ಇಟ್ಟುಕೊಳ್ತಾರೆ. ಅನುವಾದ ಒಳ್ಳೆಯ ಕೆಲಸ, ನಾನೇ ವರ್ಷಗಟ್ಟಲೆ ಮಾಡಿದ್ದೀನಿ. ಆದರೆ ಅದೊಂದೇ ನಮ್ಮ ಪಾಲು ಅಂತ ಬೇರೆಯವರು ತೀರ್ಮಾನ ಮಾಡಬಾರದು.

ಇದನ್ನು ಓದುವ ಅಣ್ಣ ತಮ್ಮಂದಿರಲ್ಲಿ ಯೋಜನೆ ನೋಡಿಕೊಳ್ಳುವವರು ಇದ್ದರೆ ಒಂದು ಕೇಳಿಕೆ. ‘ಟೆಸ್ಟ್ ಎಲ್ಲಿ?’ ಅಂತ ಬರೆಯುವಾಗ ಅದರ ಕೆಳಗೆ ‘ಇದು ಬೇಕಾದ ಕೆಲಸ, ಟೆಸ್ಟ್ ಹಾಕಿದರೆ ಸೇರಿಸ್ತೀನಿ’ ಅಂತ ಇನ್ನೊಂದು ಸಾಲು ಬರೆಯಿರಿ. ಅದೊಂದು ಸಾಲಿದ್ದಿದ್ದರೆ ಗದಗಿನಲ್ಲಿ ಮೂರು ವಾರ ಲ್ಯಾಪ್‌ಟಾಪ್ ಮುಚ್ಚಿರುತ್ತಿರಲಿಲ್ಲ.

ಅವಳ ಎರಡನೇ ಪ್ಯಾಚ್ ಏನು ಅಂತ ಹೇಳೋದೇ ಮರೆತೆ. ಅದೇ ಆ್ಯಪ್. ‘ರಾಣೇಬೆನ್ನೂರು’ ಅಂತ ಹುಡುಕಿದರೆ ‘ರಾಣೆಬೆನ್ನೂರು’ ಸಿಗುತ್ತಿರಲಿಲ್ಲ. ಜನ ಎರಡೂ ಥರ ಬರೀತಾರೆ. ಈಗ ಹೇಗೆ ಬರೆದರೂ ಸಿಗುತ್ತದೆ. ಟೆಸ್ಟ್ ಮೊದಲೇ ಹಾಕಿದ್ದಳು, ಆರು.

ಬರುವ ಶನಿವಾರ ನವಲಗುಂದದಿಂದ ಹೊಸಬಳೊಬ್ಬಳು ಬರ್ತಿದ್ದಾಳೆ. ಪಕ್ಕದಲ್ಲಿ ಕೂರುವ ಪಾಳಿ ಗದಗಿನ ಹುಡುಗಿಯದು. ಇನ್ನೂ ಮೂರು ಜನಕ್ಕೆ ಜಾಗ ಇದೆ, ಲ್ಯಾಪ್‌ಟಾಪ್ ಇಲ್ಲದವರೂ ಬನ್ನಿ, ನಮ್ಮ ಹತ್ತಿರ ಎರಡು ಹೆಚ್ಚಿಗಿವೆ. ಮಕ್ಕಳನ್ನು ಕರೆದುಕೊಂಡು ಬಂದರೂ ಸರಿ, ಕೆಳಗೆ ಅಜ್ಜಿ ಇದ್ದಾರೆ.